ಮಡಿಕೆಯೊಳಗಿನ ಅಂಚೆ

"ಮರ್ವಿನ್, ಇಲ್ಲಿ ಬಾ. ಬಿಸ್ಕೆಟ್ ಕಿವಿ ಮೇಲೆ ಇದೇನು ನೋಡು," ಎಂದಳು ತೆಲ್ಮಾ.

ಮರ್ವಿನ್ ಹಿತ್ತಲಿನ ಗೂಡಿನ ಬಳಿ ಬಗ್ಗಿದ. ಬಿಳಿ ಮೊಲದ ಕಿವಿಯಂಚಿಗೆ ಎಳ್ಳು ಅಂಟಿಸಿದ ಹಾಗೆ ಕಪ್ಪು ಚುಕ್ಕೆಗಳು. ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೋದ ತಿಂಗಳಿಂದ ಕೊಳವೆಗಳಲ್ಲಿ ಒಯ್ದು ಕಾಡುಮೊಲಗಳ ಬಿಲಬಿಲಕ್ಕೂ ಅವನು ಸುರಿಯುತ್ತಿದ್ದುದು ಇದೇ ಚಿಗಟಗಳನ್ನು.

ಮೊಲಗಳ ಕಾಟಕ್ಕೆ ಆ ಸೀಮೆಯ ಕುರಿಗಾವಲೆಲ್ಲ ಬೋಳಾಗಿ ಹೋಗಿತ್ತು; ಆ ಮೊಲಗಳನ್ನು ಕೊಲ್ಲುವುದೇ ಮರ್ವಿನ್‌ನ ಕೆಲಸ. ಜೊತೆಗಾರ ಕ್ಲಾರಿಗಂತೂ ಈ ಕೆಲಸ ಅಂದರೆ ತಮಾಷೆ. "ನಮ್ಮಜ್ಜಂದ್ರು ಇಂಗ್ಲೆಂಡಿಂದ ಮೊಲ ತಂದ್ರು, ಚಿಗಟ ಮರ್ತುಬಂದ್ರು. ಈಗ ನೆಂಟ್ರನ್ನೂ ಹಡಗು ಹತ್ತಿಸಿ ಕರೆಸಿದೀವಪ್ಪ! ಉಡುಗೊರೆ ಬೇರೆ ಕೊಟ್ಟು ಕಳಿಸ್ತಿದೀವಿ." ಉಡುಗೊರೆ ಎಂದರೆ ಆ ಚಿಗಟಗಳಿಗೆ ಅಂಟಿಸಿದ್ದ, ಮೊಲಗಳನ್ನು ಕೊಲ್ಲುವ ಕಣ್ಣೂತದ ರೋಗ. ಮರ್ವಿನ್ ಬಿದ್ದು ಬಿದ್ದು ನಕ್ಕಿದ್ದ. ಮನೆಗೆ ಬಂದು, "ಆ ರೋಗ ಮನುಷ್ಯರ ತಂಟೆಗೆ ಬರಲ್ಲ ಬಿಡು" ಎಂದು ತೆಲ್ಮಾಳಿಗೆ ಧೈರ್ಯವನ್ನೂ ಹೇಳಿದ್ದ.

ಬಿಸ್ಕೆಟ್ ಅವರ ಮಗಳು ಜೀನಿ ಸಾಕಿದ ಮೊಲ. ಮರ್ವಿನ್ ಕುಳ್ಳ, ಪ್ಯಾಂಟಿನ ತುದಿಯನ್ನು ದಪ್ಪಗೆ ಮಡಿಚಿ ತೆಲ್ಮಾ ಹೊಲಿದುಕೊಡುತ್ತಿದ್ದಳು. ಆ ಮಡಿಕೆಯಲ್ಲಿ ಅವನು ಹಾಲುಸೊಪ್ಪು ಸಿಕ್ಕಿಸಿಕೊಂಡು ಬಂದರೆ, "ಅಂಚೆ ಬಂತು! ಅಂಚೆ ಬಂತು!" ಎಂದು ಜೀನಿ ಮೊಲವನ್ನು ಬಿಡುತ್ತಿದ್ದಳು. ಅದು ಮಡಿಕೆಗೆ ಮೂತಿ ತೂರಿಸಿ ಸೊಪ್ಪು ಎಳೆದುಕೊಳ್ಳುತ್ತಿತ್ತು. ಜ್ವರದಲ್ಲಿ ಮಗು ಕೈಬಿಟ್ಟು ಹೋದ ಮೇಲೂ ಅವನು ಅಂಚೆ ನಿಲ್ಲಿಸಲಿಲ್ಲ. ಕೆಲಸ ಮುಗಿಸಿ ಬಂದವನು ಬೂಟು ಕೂಡ ಬಿಚ್ಚದೆ ಸೀದಾ ಗೂಡಿಗೆ ಹೋಗುತ್ತಿದ್ದ. ಇಡೀ ದಿನದಲ್ಲಿ ತೆಲ್ಮಾ ನಗುತ್ತಿದ್ದುದು ಆ ಒಂದು ಗಳಿಗೆ ಮಾತ್ರ.

ವಾರದೊಳಗೆ ಬಿಸ್ಕೆಟ್‌ನ ಕಣ್ಣೆರಡೂ ಊದಿ ಮುಚ್ಚಿಹೋದವು. ಮೂಸಿ ಮೂಸಿ ನೀರಿನ ಬಟ್ಟಲು ಹುಡುಕುತ್ತಿತ್ತು.

"ಮದ್ದಿಲ್ವಾ?"

"ಇಲ್ಲ ಕಣೆ."

"ಹಾಗಾದ್ರೆ ನರಳಿಸಬೇಡ. ನಿಂಗೆ ಗೊತ್ತಲ್ಲ, ಹೇಗೆ ಅಂತ."

ಲೆಕ್ಕವಿಲ್ಲದಷ್ಟು ಮೊಲಗಳ ಕತ್ತು ಮುರಿದ ಕೈ ಅದು. ಈ ಒಂದರ ಬೆನ್ನನ್ನು ಮೊದಲು ಸವರಿತು. ಹೇಗೋ ಮುಗಿಸಿ, ಜೀನಿಯ ಹಳೇ ಸ್ವೆಟರಿನಲ್ಲಿ ಸುತ್ತಿ ಕೆಳಗಿಟ್ಟ.

"ಬೇಲಿ ಭದ್ರವಾಗಿದೆ, ಗೂಡಿಗೆ ಜಾಲರಿ ಇದೆ," ಎಂದಳು ತೆಲ್ಮಾ. "ಹೇಗ್ ಬಂತು ಮರ್ವಿನ್, ಇದು?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಅಂಚೇಲಿ," ಎಂದ.

ಅವಳು ಅವನ ಪ್ಯಾಂಟಿನ ಮಡಿಕೆಯನ್ನೇ ನೋಡಿದಳು. ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಜೀನಿ ಹೋದ ದಿನ ಅತ್ತ ಹಾಗೆಯೇ ಅತ್ತಳು. ಅವನಿಗೆ ಪಕ್ಕದಲ್ಲಿ ಕೂರುವ ಧೈರ್ಯ ಬರಲಿಲ್ಲ.

ಸೋಮವಾರ ಕೆಲಸದ ಪ್ಯಾಂಟು ಒಗೆದು ಇಸ್ತ್ರಿಯಾಗಿ ಕುರ್ಚಿಯ ಮೇಲಿತ್ತು. ಉದ್ದವೆನಿಸಿದರೂ ತಲೆಕೆಡಿಸಿಕೊಳ್ಳದೆ ಹಾಕಿಕೊಂಡು ಹೋದ. ಸಂಜೆ ವಾಪಸು ಬರುವಾಗ ಬೇಲಿಯ ಬುಡದಲ್ಲಿ ಎಳೆಯ ಹಾಲುಸೊಪ್ಪು ಕಂಡಿತು. ಕೈ ತಾನಾಗಿಯೇ ಕಿತ್ತಿತು. ಸಿಕ್ಕಿಸಲೆಂದು ಬಗ್ಗಿದ.

ಮಡಿಕೆ ಇರಲಿಲ್ಲ. ತೆಲ್ಮಾ ಹೊಲಿಗೆ ಬಿಚ್ಚಿಬಿಟ್ಟಿದ್ದ ಬಟ್ಟೆ ಬೂಟಿನ ಮೇಲೆ ಇಳಿಬಿದ್ದು ಮಣ್ಣಾಗಿತ್ತು. ಬಿಸಿಲು ಕಾಣದ ಆ ಒಂದು ಪಟ್ಟಿಯಷ್ಟೇ ಇನ್ನೂ ಹೊಸದರಂತಿತ್ತು. ಸೊಪ್ಪಿನ ಹಾಲು ಬೆರಳಿಗಿಳಿಯುತ್ತಿದ್ದರೂ ಅವನು ಅದನ್ನು ಹಿಡಿದುಕೊಂಡೇ ನಿಂತಿದ್ದ.