ಹಸಿ ಕಾಫಿ ಬೀಜ

ಹೊನ್ನಾವರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ಕಮಲಾಕರ ಹೆಗಡೆಯವರಿಗೆ ಇಂಗ್ಲಿಷ್ ಸೇನಾಧಿಕಾರಿಗಳೆಂದರೆ ಕಾಲಕಸ. ಆಷಾಢದ ಮಳೆ ಹಿಡಿಯಿತೋ, ತರಗತಿಯಲ್ಲಾಗಲಿ ಊಟದ ಮಣೆಯ ಮೇಲಾಗಲಿ, ಕ್ರಿಮಿಯಾ ಯುದ್ಧ ಶುರು. ಬಂದರಿನಲ್ಲಿ ಹಡಗುಗಟ್ಟಲೆ ಸಾಮಾನು, ಗುಡ್ಡದ ಮೇಲೆ ಹಸಿದ ಸೈನ್ಯ, ನಡುವೆ ಕಾಲು ಹೂತುಹೋಗುವ ಕೆಸರು. ಕೊನೆಗೆ ಸೈನಿಕರ ಕೈಗೆ ಬಂದದ್ದು ಹುರಿಯದ ಹಸಿ ಕಾಫಿ ಬೀಜ. ಹುರಿಯಲು ಒಣ ಕಟ್ಟಿಗೆಯೇ ಇಲ್ಲ.

“ಇಂಥ ಮಡ್ಡರಿಗೆ ಪದಕ ಬೇರೆ” ಎಂದು ಅವರು ಮಜ್ಜಿಗೆಗೆ ಕೈ ಚಾಚುತ್ತಿದ್ದರು. ಮಗಳು ಮಹಾಲಕ್ಷ್ಮೀ ಈ ಕತೆ ಕೇಳಿಕೊಂಡೇ ಬೆಳೆದವಳು. ಕತೆ ಹೇಳುವ ಮಹಾನುಭಾವರು ಮಾತ್ರ ಜನ್ಮದಲ್ಲಿ ಒಮ್ಮೆಯೂ ಒಲೆಗೆ ಕಟ್ಟಿಗೆ ಇಟ್ಟವರಲ್ಲ.

ಎಂಬತ್ತರ ದಶಕದ ಒಂದು ಮಳೆಗಾಲ ಶರಾವತಿ ಉಕ್ಕಿತು. ನದಿಯ ನಡುವಿನ ನಡುಕುರ್ವೆ ಎಂಬ ದ್ವೀಪಕ್ಕೆ ದಾರಿ ಕಡಿಯಿತು. ಅಲ್ಲಿನ ಜನರೆಲ್ಲ ಎತ್ತರದ ಶಾಲೆಯ ಜಗಲಿ ಸೇರಿದರು. ಬಾಣಂತನ ಮುಗಿಸಿ ಆಗಷ್ಟೇ ಅಲ್ಲಿನ ಗಂಡನ ಮನೆಗೆ ಮರಳಿದ್ದ ಮಹಾಲಕ್ಷ್ಮೀ ಕೂಸಿನ ಜೊತೆ ಅಲ್ಲೇ ಸಿಕ್ಕಿಬಿದ್ದಳು.

ಊರಿನ ಸಹಾಯ ಸಮಿತಿಗೆ ಅಧ್ಯಕ್ಷರು ಯಾರು? ಸೈನ್ಯಗಳಿಗೆ ಅನ್ನ ಮುಟ್ಟಿಸುವ ವಿದ್ಯೆ ಅರೆದು ಕುಡಿದ ಹೆಗಡೆಯವರೇ. ಹೊಳೆ ಇನ್ನೂ ಏರುವಂತಿತ್ತು. ದೋಣಿ ನಡೆಸುವ ಶನಿಯಾರ, “ಇವತ್ತೊಂದು ಸಲ ಹೋಗಿ ಬರೂಕೆ ಆತದೆ ಒಡೆಯ, ನಾಳೆ ಆಗೂದಿಲ್ಲ” ಎಂದ.

ಹೆಗಡೆಯವರು ದೋಣಿ ತುಂಬ ಕುಚ್ಚಲಕ್ಕಿ ಮೂಟೆ ಹೇರಿಸಿದರು. ಹೆಂಡತಿ ಶ್ರೀಮತಿಯವರು ಅವಲಕ್ಕಿ, ಬೆಲ್ಲದ ಚೀಲ ಹಿಡಿದು ಬಂದರು.

“ಅಲ್ಲಿ ಒಣ ಕಟ್ಟಿಗೆ ಎಲ್ಲಿದ್ದು? ಇದನ್ನ ಕಳಸಿ.”

“ಅವಲಕ್ಕಿ ಏಕಾದಶಿಗಾತು. ಅನ್ನದಾನ ಹೇಳಿದ್ರೆ ಅಕ್ಕಿ. ಹಸಿದವಕ್ಕೆ ಫಲಾಹಾರ ಕಟ್ಟಿ ಕಳಸಿದ ಹೇಳಿ ನಾಳೆ ಊರು ನಗ್ತು. ನಿಂಗೆ ಇದೆಲ್ಲ ಎಂತ ಗೊತ್ತಿದ್ದು?”

ಚೀಲ ದಡದಲ್ಲೇ ಉಳಿಯಿತು. ಅದರ ಜಾಗದಲ್ಲಿ ಸಮಿತಿಯ ಹೆಸರು ಬರೆದ ಬಟ್ಟೆ ದೋಣಿ ಏರಿತು. ಓದಿ ಓದಿ ಮರುಳಾದ ಕೂಚಂಭಟ್ಟ ಅಂದರೆ ಬೇರೆ ಯಾರೂ ಅಲ್ಲ, ಹೆಗಡೆಯವರೇ. ಶನಿಯಾರ ಮೂಟೆ ಇಳಿಸಿ ಬಂದ. ಆಮೇಲೆ ಹೊಳೆ ಯಾರನ್ನೂ ದಾಟಗೊಡಲಿಲ್ಲ.

ಅಧ್ಯಕ್ಷರು ನೆಮ್ಮದಿಯಾಗಿ ಉಂಡರು. ಹಾರ ಹಾಕಿಸಿಕೊಂಡರು. ನಮ್ಮ ದೋಣಿ ಗುರಿ ಮುಟ್ಟಿತು, ಇಂಗ್ಲಿಷರ ಸಾಮಾನು ಬಂದರು ದಾಟಲಿಲ್ಲ ಎಂದು ಸಭೆಯಲ್ಲಿ ಹೋಲಿಸಿಯೂ ಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು, ಅದಕ್ಕೇನು, ಅದೂ ಉಂಡೇ ಬಂದಿತ್ತು.

ನೀರು ಇಳಿದ ದಿನ ಮಹಾಲಕ್ಷ್ಮೀ ಕೂಸನ್ನೆತ್ತಿಕೊಂಡು ತವರಿಗೆ ಬಂದಳು. ಕೆನ್ನೆ ಒಳಗೆ ಹೋಗಿತ್ತು. ಹೆಗಡೆಯವರು ಜಗಲಿಯಿಂದ ಎದ್ದು, “ಅಕ್ಕಿ ಮುಟ್ಟಿತ್ತಲ್ಲೆ ತಂಗಿ?” ಎಂದು ಮಗಳನ್ನು ಕೇಳಿದರು.

ಅವಳು ಸೆರಗಿನ ಗಂಟು ಬಿಚ್ಚಿ ಅವರ ಅಂಗೈಗೆ ಒಂದು ಹಿಡಿ ಸುರಿದಳು. ನೀರಿನಲ್ಲಿ ನೆನೆದು ಉಬ್ಬಿದ, ಹುಳಿ ನಾತದ ಕುಚ್ಚಲಕ್ಕಿ. ಸೀಮೆಎಣ್ಣೆ ಡಬ್ಬಿಯಿಂದ ಕಟ್ಟಿಗೆ ರಾಶಿಯವರೆಗೆ ಎಲ್ಲವನ್ನೂ ಹೊಳೆ ಒಯ್ದಿತ್ತು. ಮೂಟೆಗಳ ಮೇಲೆ ಕೂತೇ ಜನ ಉಪವಾಸ ಬಿದ್ದಿದ್ದರು.

“ನಂಗೆ ಹಾಲು ಬತ್ತಿಹೋತು. ಮೀನು ಮಾರೋ ನಾಗಿ ತನ್ನ ಕೂಸಿನ ಜೊತಿಗೆ ಇದಕ್ಕೂ ಮೊಲೆ ಕೊಟ್ಟಿದ್ದಕ್ಕೆ ಇದು ಬದುಕಿದ್ದು” ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಇದ್ದದ್ದು ತಾತ್ಸಾರ. “ಆ ಸೈನಿಕರು ಹಸಿ ಬೀಜ ಎಂತ ಮಾಡಿದ್ರು ಹೇಳಿ ನಿನ್ನ ಕತೆಯಲ್ಲಿ ಇರ್ಲಿಲ್ಲೆ, ಅಪ್ಪಯ್ಯ. ನಂಗೆ ಈಗ ಗೊತ್ತಾತು. ಅಗಿದು ಉಗುಳ್ತ.”

ಹೆಗಡೆಯವರು ಕೈಯಲ್ಲಿದ್ದ ಅಕ್ಕಿಯನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ನಿಂತೇ ಇದ್ದರು. ಶ್ರೀಮತಿ ಮಗಳನ್ನು ಒಳಗೆ ಕರೆದು ಬಿಸಿ ಗಂಜಿ ಬಡಿಸಿದರು. ಮಧ್ಯಾಹ್ನ ಗಂಡನ ಮಣೆಯ ಮುಂದೆ ಒಂದು ಬಟ್ಟಲು ಒಣ ಅವಲಕ್ಕಿ ಇಟ್ಟು ಹೋದರು.