ಹೊರಗೆ ಬಾರದ ಒಂಬತ್ತು ಹಾಡು

ಜಾಫರ್ ದಬ್ಬಣವನ್ನು ಗಾದಿಗೆ ಅರ್ಧ ಚುಚ್ಚಿದ್ದ, ಅಷ್ಟರಲ್ಲಿ ಅಂಗಡಿಯ ಮುಂದೆ ಸ್ಕೂಟರೊಂದು ಬಂದು ನಿಂತಿತು. ಮೂವರು ಇಳಿದರು. ಮುಂದಿದ್ದವನು ಬಕ್ಕೇಶ, ಬ್ಯಾಂಕಿನಲ್ಲಿ ಗುಮಾಸ್ತ. ಕಿವಿ ಮುಚ್ಚುವಷ್ಟು ಕೂದಲು ಬಿಟ್ಟಿದ್ದ, ಜೇಬಿನ ಮೇಲೆ 'ತುಂಗಾ ಥಂಡರ್ಸ್ ಅಭಿಮಾನಿ ಬಳಗ' ಎಂದು ಬರೆದ ತಗಡಿನ ಬಿಲ್ಲೆ ಸಿಕ್ಕಿಸಿಕೊಂಡಿದ್ದ. ಚಪ್ಪಲಿ ಬಿಡುವುದನ್ನೂ ಮರೆತು ಹಿಂಜಿಟ್ಟ ಹತ್ತಿಯ ಮೇಲೆಯೇ ಕಾಲಿಟ್ಟ.

"ಸಿಕ್ತು ಸರ್! ಸಿಕ್ಬಿಡ್ತು!"

"ಏನ್ ಸಿಕ್ತಪ್ಪ? ಮೊದ್ಲು ಹತ್ತಿ ಮ್ಯಾಲಿಂದ ಇಳಿ."

"ಅರವತ್ತೇಳನೇ ಇಸವಿ ಟೇಪು ಸರ್! ಹರಿಹರದಾಗೆ ರೇಡಿಯೋ ರಿಪೇರಿ ಮಾಡ್ತಿದ್ರಲ್ಲ, ಅವ್ರ ಮನೆ ಟ್ರಂಕಿನಾಗೆ ಇತ್ತು. ಒಂಬತ್ತು ಹಾಡು. ಯಾವ ರೆಕಾರ್ಡಿನಾಗೂ ಬಂದಿಲ್ಲ, ಯಾರೂ ಕೇಳಿಲ್ಲ. ಒಂಬತ್ತಕ್ಕೂ ಡ್ರಮ್ಮು ನಿಮ್ದೇ!"

ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿಕೊಂಡಿತ್ತು. ಜೊತೆಗೆ ಬಂದಿದ್ದ ಇಬ್ಬರು ಕಾಲೇಜು ಹುಡುಗರು ಬಗ್ಗಿ ಜಾಫರನ ಕಾಲು ಮುಟ್ಟಿದರು. ನಲವತ್ತರ ಹತ್ತಿರದ ಜಾಫರನ ಕಾಲನ್ನು ಅದುವರೆಗೆ ಯಾರೂ ಮುಟ್ಟಿದ್ದಿಲ್ಲ. ಅವನು ಲುಂಗಿಗೆ ಅಂಟಿದ ಹತ್ತಿಯನ್ನು ಕೊಡವಿಕೊಳ್ಳುತ್ತ, ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಖುರ್ಷೀದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ತುಂಗಾ ಥಂಡರ್ಸ್ ಅಂದರೆ ಆಗ ನಾಲ್ವರು ಹುಡುಗರು. ಹರಿಹರದ ಜವಳಿ ವ್ಯಾಪಾರಿಯ ಮಗ ಕರಿಬಸವರಾಜ ಹಾಡುವವನು, ಎಲೆಕ್ಟ್ರಿಕ್ ಗಿಟಾರು ನುಡಿಸುವವನೂ ಅವನೇ. ಅವನ ಓಣಿಯವರೇ ಇನ್ನಿಬ್ಬರು. ದಾವಣಗೆರೆ ವಿನೋಬನಗರದಿಂದ ಡ್ರಮ್ಮನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದವನು ಜಾಫರ್. ಕನ್ನಡದ ಮಾತಿಗೆ ಅಂಥ ಅಬ್ಬರದ ವಾದ್ಯ ಕಟ್ಟಿದವರನ್ನು ಊರು ಕಂಡಿರಲಿಲ್ಲ. ಬೊಂಬಾಯಿಯ ರೆಕಾರ್ಡ್ ಕಂಪನಿಯೊಂದು ಕರೆಯಿತು. ಹೋಗುವ ಮೊದಲು ಕೈ ಪಳಗಲಿ ಎಂದು ಹರಿಹರದ ಶಾಲೆಯೊಂದರಲ್ಲಿ ಎರಡು ದಿನ ಕೂತು, ಆ ರೇಡಿಯೋ ರಿಪೇರಿಯವರ ಮಿಷನ್ನಿನಲ್ಲಿ ಒಂಬತ್ತು ಹಾಡು ಟೇಪು ಮಾಡಿದರು. ಆಮೇಲೆ ಮೂವರು ರೈಲು ಹತ್ತಿದರು. "ಡ್ರಮ್ಮಿಗೆ ಅವ್ರದೇ ಮನುಷ್ಯ ಇದ್ದಾನಂತೆ ಜಾಫರ್. ಕಂಪನಿ ರೂಲು. ಮುಂದಿನ ಸಲ ನೀನೇ" ಎಂದು ಕರಿಬಸವರಾಜ ಸ್ಟೇಷನ್ನಿನಲ್ಲಿ ತಬ್ಬಿಕೊಂಡು ಹೇಳಿದ್ದ.

ಹದಿನಾರು ವರ್ಷವಾಯಿತು. ಐದು ರೆಕಾರ್ಡು ಬಂದವು. ಆ ಮೂವರಿಗೆ ಕೂದಲು ಉದುರಿ ಹೊಟ್ಟೆ ಬಂದರೂ ಬೆಂಗಳೂರಿನಲ್ಲಿ ಅವರ ಕಾರ್ಯಕ್ರಮವೆಂದರೆ ಈಗಲೂ ನೂಕುನುಗ್ಗಲು. ಜಾಫರ್ ತನ್ನ ತಂದೆ ಮಕ್ತುಮ್ ಸಾಬರ ಗಾದಿ ಅಂಗಡಿಯನ್ನು ನೋಡಿಕೊಂಡು ಉಳಿದ. ಯಾರೇ ಕೇಳಲಿ, ಕಂಪನಿ ರೂಲಿನ ಕಥೆ ಹೇಳುತ್ತಿದ್ದ. ಖುರ್ಷೀದಾ ಅದನ್ನು ಕೊಕ್ಕನೂರಿನ ತವರಿನಲ್ಲಿ, ಪ್ರತಿ ಮದುವೆಮನೆಯಲ್ಲಿ, ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದಳು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಟೇಪು ಕೇಳಿಸಲು ಅಭಿಮಾನಿ ಬಳಗದವರು ಕಲ್ಯಾಣಮಂಟಪವೊಂದರ ಮಹಡಿಯ ಹಾಲ್ ಗೊತ್ತುಮಾಡಿದ್ದರು. ಎರಡಕ್ಕೇ ಮೆಟ್ಟಿಲಿನವರೆಗೂ ಜನ. ರಾಣೆಬೆನ್ನೂರು, ಚಿತ್ರದುರ್ಗದಿಂದಲೂ ಹುಡುಗರು ಬಂದಿದ್ದರು. ಒಬ್ಬ ತಂಗಿಯ ಸೀರೆ ಶಾಸ್ತ್ರ ಬಿಟ್ಟು ಬಂದಿದ್ದೇನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಜಾಫರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಖುರ್ಷೀದಾಳನ್ನೂ ಹದಿಮೂರರ ಮಗಳು ಬಿಲ್ಕೀಸಳನ್ನೂ ಕರೆದುಕೊಂಡು ಬಂದ. ಹೆಂಗಸರಿಗೆ ಹಿಂದಿನ ಬೆಂಚು ಕೊಟ್ಟರು. ಅವನಿಗೆ ಮುಂದೆ, ಮದುಮಕ್ಕಳು ಕೂರುವ ಕೆಂಪು ಕುರ್ಚಿ.

ಹುಡುಗರು ಟೇಪಿನ ಸುರುಳಿಯನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಬಕ್ಕೇಶ ಗುಂಡಿ ಒತ್ತಿದ. ಮೊದಲು ಬರೀ ಗೊರಗೊರ. ಆಮೇಲೆ ಗಿಟಾರು ಹರಿದು ಬಂತು, ಅದರ ಬೆನ್ನಿಗೆ ಡ್ರಮ್ಮು. ಹಾಲ್ ಒಮ್ಮೆಗೇ ಎದ್ದು ನಿಂತಿತು. ಜಾಫರನಿಗೆ ಆ ಶಾಲೆಯ ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿದಂತಾಯಿತು. ಹುಡುಗರು ಕೇಳದ ಹಾಡಿಗೆ ತಾವೇ ತಾಳ ಹಾಕುತ್ತಿದ್ದರು, ಕೆಲವರು ಅಳುತ್ತಿದ್ದರು. ಒಂದು ಹಾಡು ಮುಗಿದಾಗಲೆಲ್ಲ ಯಾರೋ ಒಬ್ಬರು ಬಂದು ಅವನ ಕೈ ಕುಲುಕುವರು.

ನಾಲ್ಕನೆಯ ಹಾಡು ಮುಗಿಯಿತು. ಟೇಪಿನಲ್ಲಿ ಕುರ್ಚಿ ಸರಿದ ಸದ್ದು. ಆಮೇಲೆ ಎಳೆಯ ಗಂಟಲೊಂದು: "ಚಾ ತರ್ತೀನಿ ತಡೀರಿ. ನಾಕು ಸಾಕಾ?"

"ಸರ್ ದನಿ! ಜಾಫರ್ ಸರ್ ದನಿ!" ಎಂದು ಹಾಲ್ ಚಪ್ಪಾಳೆ ಹೊಡೆಯಿತು. ಜಾಫರ್ ನಗುತ್ತ ತಿರುಗಿ ಮಗಳನ್ನು ಹುಡುಕಿದ. ಬಿಲ್ಕೀಸ್ ಬೆಂಚಿನ ಮೇಲೆ ಹತ್ತಿ ನಿಂತು ಕೈ ಬೀಸುತ್ತಿದ್ದಳು.

ಟೇಪಿನಲ್ಲಿ ಬಾಗಿಲು ಮುಚ್ಚಿಕೊಂಡಿತು.

"ಇವ್ನ ಬೊಂಬಾಯಿಗೆ ಕರ್ಕೊಂಡು ಹೋದ್ರೆ ಮಾನ ಹೋಗ್ತೈತೆ ನೋಡ್ರಲೇ." ಅದು ಕರಿಬಸವರಾಜನ ದನಿ. ಅಲ್ಲಿದ್ದ ಯಾರಿಗೂ ಅದರ ಗುರುತು ಹೇಳಬೇಕಿರಲಿಲ್ಲ.

"ಡ್ರಮ್ಮು ಬಾರಿಸ್ತಾನೋ, ಗಾದಿ ಬಡೀತಾನೋ?" ಎಂದ ಇನ್ನೊಬ್ಬ.

"ಅದೇ ಅಲ್ಲೇನಲೇ ಅವ್ರ ಕಸುಬು." ಮತ್ತೆ ಕರಿಬಸವರಾಜ.

ಮೂವರೂ ನಕ್ಕರು. ನಗು ನಿಂತ ಮೇಲೆ ಮೂರನೆಯವನು ಕೇಳಿದ, "ಅವನಿಗೆ ಹೆಂಗೆ ಹೇಳೋದು?"

"ಕಂಪನಿ ರೂಲು ಅಂದ್ರಾತು" ಎಂದ ಕರಿಬಸವರಾಜ. "ನಂಬ್ತಾನೆ. ಪಾಪ, ಚಾ ತರಾಕೆ ಚೊಲೋ ಅದಾನೆ."

ಬಾಗಿಲು ತೆರೆದುಕೊಂಡಿತು. ಗಾಜಿನ ಲೋಟಗಳ ಸದ್ದು. "ಹುಷಾರು, ಬಿಸಿ ಐತೆ" ಎಂದಿತು ಎಳೆಯ ಗಂಟಲು.

"ಏ ಜಾಫರ್, ನೀನಿಲ್ದಿದ್ರೆ ನಮ್ ಗತಿ ಏನಲೇ!"

ಹಾಲಿನಲ್ಲಿ ಯಾರೋ ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಅದೇ ಸಾಕಾಯಿತು. ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಟ್ಟ ನಗುವಲ್ಲ ಅದು. ತಮ್ಮ ದೇವರುಗಳ ಮನೆಯೊಳಗಿನ ಚೇಷ್ಟೆಯನ್ನು ಕಿಂಡಿಯಲ್ಲಿ ನೋಡಿದವರ ಸಂತೋಷದ ನಗು. ಐದನೆಯ ಹಾಡು ಶುರುವಾಯಿತು. ಜಾಫರ್ ತಿರುಗಿ ನೋಡಲಿಲ್ಲ. ಉಳಿದ ಐದು ಹಾಡೂ ಮುಗಿಯುವವರೆಗೆ ಆ ಕೆಂಪು ಕುರ್ಚಿಯಲ್ಲಿ, ಮುಖದ ಮೇಲೆ ಮೊದಲು ಅಂಟಿಕೊಂಡಿದ್ದ ನಗುವನ್ನು ತೆಗೆಯಲು ಗೊತ್ತಾಗದೆ ಕೂತಿದ್ದ.

ಮುಗಿದ ಮೇಲೆ ಬಕ್ಕೇಶ ಓಡಿ ಬಂದ. "ಹೆಂಗಿತ್ತು ಸರ್? ಆ ಮಾತುಕತೆ ಐತಲ್ಲ, ಹಾಡಿಗಿಂತ ಅದೇ ಅಪರೂಪ. ನಾನು ಮೊದ್ಲೇ ಕೇಳಿದ್ದೆ. ನಿಮಗೆ ಹೇಳಿದ್ರೆ ಮಜಾ ಹೋಗ್ತೈತೆ ಅಂತ ಸುಮ್ನಿದ್ದೆ." ಅವನು ಕ್ಯಾಸೆಟ್ಟಿನ ಹೊದಿಕೆಯನ್ನೂ ಪೆನ್ನನ್ನೂ ಮುಂದೆ ಹಿಡಿದ. "ಇಲ್ಲೊಂದು ಸೈನ್ ಹಾಕ್ರಿ ಸರ್. 'ಹುಷಾರು, ಬಿಸಿ ಐತೆ' ಅಂತ ಬರದು ಹಾಕ್ರಿ."

ಹಿಂದೆ ಸಾಲು ನಿಂತಿತ್ತು. ಜಾಫರ್ ಬರೆದು ಸಹಿ ಹಾಕಿದ.

ಮನೆಗೆ ನಡೆದುಕೊಂಡೇ ಹೋದರು. ಖುರ್ಷೀದಾ ಮಾತಾಡಿದ್ದು ಒಲೆ ಹಚ್ಚಿದ ಮೇಲೆ. "ಹದಿನೈದು ವರ್ಷ ನನ್ನ ಬಾಯಾಗೆ ಆ ಸುಳ್ಳು ಹೇಳಿಸಿದ್ರಿ."

"ನಂಗೂ ಗೊತ್ತಿರ್ಲಿಲ್ಲ ಖುರ್ಷೀದಾ."

"ಅದೇ ನಾನು ಹೇಳೋದು" ಎಂದಳು ಅವಳು. "ಗೊತ್ತಿದ್ದು ಹೇಳಿದ್ರೆ ಸುಳ್ಳುಗಾರ ಅಂತಿದ್ರು. ಈಗ ಏನಂತಾರೆ?"

ಏನನ್ನುತ್ತಾರೆಂದು ವಾರದೊಳಗೆ ತಿಳಿಯಿತು. ಕ್ಯಾಸೆಟ್ಟು ಕೈಯಿಂದ ಕೈಗೆ ನಕಲಾಗಿ ಚಹದಂಗಡಿ, ಕಟಿಂಗ್ ಶಾಪು, ಕಾಲೇಜು ಹಾಸ್ಟೆಲ್ಲುಗಳನ್ನು ಸೇರಿತು. ಒಂಬತ್ತು ಹಾಡಿನ ಒಂದು ಸಾಲೂ ಜನರ ಬಾಯಿಗೆ ಹತ್ತಲಿಲ್ಲ, ಆ ಮಾತು ಹತ್ತಿತು. ಕೆಲಸಕ್ಕೆ ಬಾರದವನನ್ನು ಕಂಡರೆ "ಚಾ ತರಾಕೆ ಚೊಲೋ ಅದಾನೆ" ಎಂದರು. ಮಗಳ ಮದುವೆಗೆ ಗಾದಿ ಹೇಳಲು ಬಂದ ದಲ್ಲಾಳಿಯೊಬ್ಬರು, "ತಾಳಕ್ಕೆ ಸರಿಯಾಗಿ ಬಡೀರಪ್ಪ, ಗಂಟು ಗಂಟಾಗ್ಬಾರ್ದು" ಎಂದು ಕಣ್ಣು ಹೊಡೆದರು. ಬಿಲ್ಕೀಸ್ ಒಂದು ದಿನ ಶಾಲೆಯಿಂದ ಬಂದವಳು ಚೀಲ ಎಸೆದು, ನಾಳೆಯಿಂದ ಹೋಗುವುದಿಲ್ಲ ಎಂದಳು. ಯಾಕೆಂದು ಜಾಫರ್ ಕೇಳಲಿಲ್ಲ. ಕೆನ್ನೆಗೆ ಹೊಡೆದ. ಮಾರನೆಯ ದಿನ ಅವಳು ಹೋದಳು.

ಅವನು ಬ್ಯಾಂಕಿಗೆ ಹೋಗಿ ಕೌಂಟರಿನ ಜಾಲರಿಯ ಹೊರಗೆ ನಿಂತು ಕೇಳಿದ. "ಆ ಭಾಗ ಒಂದು ಕತ್ತರಿಸಪ್ಪ. ಹಾಡು ಅಷ್ಟೂ ಇಟ್ಕೋ."

ಬಕ್ಕೇಶನಿಗೆ ನಿಜವಾಗಿಯೂ ನೋವಾಯಿತು. "ಹಂಗೆ ಕತ್ತರಿಸಾಕೆ ಬರಲ್ಲ ಸರ್. ಅದು ಚರಿತ್ರೆ. ಹುಬ್ಬಳ್ಳಿ, ಬೆಂಗಳೂರಿಗೆಲ್ಲ ಹೋಗೈತೆ. ಕರಿಬಸವರಾಜ್ ಸರ್ ಕೂಡ ಕೇಳಿದ್ರಂತೆ. ಬಿದ್ದು ಬಿದ್ದು ನಕ್ರಂತೆ. 'ಜಾಫರ್ ಇನ್ನೂ ಇದ್ದಾನಾ?' ಅಂತ ಕೇಳಿದ್ರಂತೆ ಸರ್!" ಎಂದು ಖುಷಿಯಿಂದ ಹೇಳಿದ.

ಜಾಫರ್ ಅಲ್ಲಿಂದ ಸೀದಾ ಹರಿಹರದ ಬಸ್ಸು ಹತ್ತಿದ.

ರೇಡಿಯೋ ರಿಪೇರಿಯವರ ಹೆಂಡತಿ ಸರ್ವಮಂಗಳಮ್ಮ ಒಬ್ಬರೇ ಇದ್ದರು. ಗಂಡ ತೀರಿಕೊಂಡ ಮೇಲೆ ಹೆಣ್ಣುಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಿದ್ದರು. ಹಳೆಯ ಟೇಪ್ ರೆಕಾರ್ಡರು ಪಡಸಾಲೆಯ ಮೇಜಿನ ಮೇಲೆ ಇನ್ನೂ ಹಾಗೆಯೇ ಇತ್ತು. ಹುಡುಗರು ಸುರುಳಿಯನ್ನು ತಂದು ಒಪ್ಪಿಸಿ ಹೋಗಿದ್ದರು.

"ಕೂಡ್ರಪ್ಪ" ಎಂದರು. ಅವನು ಕೂತ.

"ಆ ಸುರುಳಿ ನಂಗೆ ಕೊಡ್ರಿ ಅಮ್ಮಾರೆ. ಸುಟ್ಟು ಹಾಕ್ತೀನಿ."

"ಅದ್ರ ಮರಿಗಳು ಊರೆಲ್ಲ ಓಡಾಡ್ತಾವೆ. ತಾಯಿನ ಸುಟ್ಟು ಏನ್ ಬಂತು?"

ಜಾಫರನ ದನಿ ಏರಿತು. "ಅವ್ರು ಅಂದಿದ್ದು ಜಾತಿ ನೋಡಿ ಅಮ್ಮಾರೆ. ಹತ್ತಿ ಹಿಂಜೋರ ಹುಡುಗ ತಮ್ಮ ಪಕ್ಕ ಕುಂತ್ಕಂಡು ಬೊಂಬಾಯಿಗೆ ಬರ್ತಾನಲ್ಲ ಅಂತ ಅಂದಿದ್ದು. ನಾನು ಚೊಲೋ ಬಾರಿಸ್ತಿದ್ದೆ. ನಿಮ್ಮ ಯಜಮಾನ್ರು ಅಲ್ಲೇ ಇದ್ರು. ಅವ್ರು ಬದುಕಿದ್ರೆ ಹೇಳ್ತಿದ್ರು."

ಸರ್ವಮಂಗಳಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಜಾತಿ ಮಾತು ಆಡಿದ್ದು ತಪ್ಪೇ. ನಾನು ಅಲ್ಲ ಅನ್ನಲ್ಲ" ಎಂದು ಕನ್ನಡಕ ಮತ್ತೆ ಹಾಕಿಕೊಂಡು, "ನೀನು ಅದ್ನ ಒಬ್ನೇ ಕುಂತು ಕೇಳಿದ್ಯೇನಪ್ಪ?" ಎಂದರು.

"ಇಲ್ಲ. ಯಾಕೆ?"

ಅವರು ಎದ್ದು ಸುರುಳಿ ಏರಿಸಿದರು. ಎದುರಿನ ಮಣೆಯ ಮೇಲೆ ಕೂತರು. ಹಾಡು ಶುರುವಾಗುತ್ತಲೇ ಬಲಗೈ ತಾನಾಗಿಯೇ ಮಂಡಿಯ ಮೇಲೆ ತಾಳ ಹಾಕತೊಡಗಿತು. ಎಷ್ಟೋ ವರ್ಷ ಮಕ್ಕಳಿಗೆ ಹಾಕಿ ತೋರಿಸಿದ ಕೈ ಅದು.

ಮೊದಲು ಎಲ್ಲ ಸರಿಯಾಗಿತ್ತು. ಜಾಫರ್ ಗೆದ್ದವನಂತೆ ತಲೆಯಾಡಿಸಿದ. ಎರಡನೆಯ ಚರಣಕ್ಕೆ ಬಂದಾಗ ಅವನ ಕಣ್ಣು ಆ ಕೈಯ ಮೇಲೆ ಬಿತ್ತು. ಬೆರಳು ಮಂಡಿ ಮುಟ್ಟುತ್ತಿತ್ತು, ಆಮೇಲೆ ಡ್ರಮ್ಮು ಬರುತ್ತಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು ಅಷ್ಟೇ. ಹಳೆಯ ಮಿಷನ್ನಿನ ದೋಷವಿರಬೇಕು ಎಂದುಕೊಂಡ. ಆದರೆ ಗಿಟಾರು ಬೆರಳಿನ ಜೊತೆಗೇ ಬೀಳುತ್ತಿತ್ತು. ಕರಿಬಸವರಾಜನ ದನಿಯೂ ಬೆರಳಿನ ಜೊತೆಗೇ ಬೀಳುತ್ತಿತ್ತು. ಡ್ರಮ್ಮೊಂದೇ, ಬಸ್ಸಿನ ಹಿಂದೆ ಓಡುವವನಂತೆ, ಪ್ರತಿ ಸಲ ಹಿಂದೆ ಬೀಳುವುದು, ಗಾಬರಿಯಾಗಿ ಮುಂದೆ ಹಾರುವುದು, ಮತ್ತೆ ಹಿಂದೆ ಬೀಳುವುದು. ಎರಡನೆಯ ಹಾಡಿನಲ್ಲೂ ಅದೇ. ಮೂರನೆಯದು ನಿಧಾನದ್ದು, ಅದರಲ್ಲಿ ಮುಚ್ಚಿಡಲು ಜಾಗವೇ ಇರಲಿಲ್ಲ.

ಅವನು ತಮ್ಮ ಕೈಯನ್ನೇ ನೋಡುತ್ತಿರುವುದು ಸರ್ವಮಂಗಳಮ್ಮನಿಗೆ ತಿಳಿಯಿತು. ಮೆಲ್ಲಗೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಕಿಟಕಿಯ ಕಡೆ ಮುಖ ಮಾಡಿದರು.

"ಕೈ ತೆಗೀಬ್ಯಾಡ್ರಿ ಅಮ್ಮಾರೆ" ಎಂದ ಜಾಫರ್.

"ಬ್ಯಾಡ ಬಿಡಪ್ಪ."

"ಹಾಕ್ರಿ. ಮೊದ್ಲಿಂದ ಹಾಕ್ರಿ."

ಅವರು ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಬಂದು ಕೂತರು. ಹೊರಗೆ ಪಾಠಕ್ಕೆ ಬಂದ ಇಬ್ಬರು ಹುಡುಗಿಯರು ಚಪ್ಪಲಿ ಬಿಟ್ಟು, ಒಳಗೆ ಬರಬಹುದೋ ಬಾರದೋ ಎಂದು ಹೊಸ್ತಿಲಲ್ಲೇ ನಿಂತರು. ಟೇಪು ಗೊರಗೊರ ಎಂದಿತು. ಗಿಟಾರು ಬಂತು. ಸೆರಗಿನಿಂದ ಕೈ ಹೊರಗೆ ಬಂದು, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಮಂಡಿಯ ಮೇಲೆ ಇಳಿಯಿತು. ಜಾಫರ್ ತನ್ನ ಡ್ರಮ್ಮಿಗಾಗಿ ಕಾದ.