ಬೂಟಿನ ಮನೆ

ಸಾಸಿವೆ ಸಿಡಿದು, ಕರಿಬೇವು ಚಟಪಟ ಎಂದು, ಬೆಳ್ಳುಳ್ಳಿ ಕೆಂಪಗಾಗುವ ಹೊತ್ತಿನ ವಾಸನೆ ಎಲ್ಲರ ಬಾಯಲ್ಲೂ ನೀರೂರಿಸುತ್ತದೆ. ಕಸ್ತೂರಿಗೆ ಮಾತ್ರ, ಮೊಮ್ಮಕ್ಕಳನ್ನು ಕಂಡ ಈ ವಯಸ್ಸಿನಲ್ಲೂ, ಆ ವಾಸನೆ ಮೂಗಿಗೆ ಬಡಿದರೆ ಕೈ ತಾನಾಗಿ ಹೊಟ್ಟೆಯ ಎಡಮಗ್ಗುಲಿಗೆ ಹೋಗುತ್ತದೆ. ಒಂಬತ್ತು ವರ್ಷದವಳಿದ್ದಾಗ, ಇಂಡಿ ಊರಿನ ಆ ಮನೆಯ ಬಚ್ಚಲಲ್ಲಿ ಒಂದು ಬೆಳಿಗ್ಗೆ ಅವಳು ಅಲ್ಲಿ ನೀರಿನ ಹನಿಯೊಂದನ್ನು ಕಂಡಿದ್ದಳು. ಒರೆಸಿದಳು. ಅದು ಹೋಗಲಿಲ್ಲ. ಅದು ಹನಿಯಲ್ಲ, ಗುಳ್ಳೆ.

ಅವಳು ಲಂಗವನ್ನು ಎದೆಯವರೆಗೆ ಎಳೆದು ಕಟ್ಟಿಕೊಂಡು ಹೊರಗೆ ಬಂದಾಗ ಅಡುಗೆಮನೆಯಲ್ಲಿ ದೊಡ್ಡ ಬಾಣಲೆ ಆಗಲೇ ಒಲೆಯ ಮೇಲೇರಿತ್ತು. ಅವ್ವ ರಾಮವ್ವ ಎಣ್ಣೆ ಸುರಿಯುತ್ತಿದ್ದಳು. ಪಕ್ಕದ ಮನೆಯ ಇಮಾಮಬಿ ಚುರಮುರಿಯನ್ನು ಮೊರದಲ್ಲಿ ಕೇರುತ್ತಿದ್ದಳು. ಮರುದಿನ ಬೆಳಿಗ್ಗೆ ಮನೆಮಂದಿಯೆಲ್ಲ ಮುಂಬಯಿಗೆ ಹೊರಡುವವರಿದ್ದರು. ಗಿರಣಿಯಲ್ಲಿ ಕೆಲಸ ಮಾಡುವ ಬೀರಣ್ಣ ಕಾಕಾ ದೀಪಾವಳಿಗೆ ಬಂದಾಗ ಹೇಳಿದ್ದ: ಅಲ್ಲೊಂದು ಗುಡ್ಡದ ಮೇಲೆ ಮಕ್ಕಳಿಗೆಂದೇ ಮಾಡಿದ ತೋಟ ಇದೆ, ಅದರಲ್ಲಿ ಬೂಟಿನ ಆಕಾರದ ಮನೆ ಇದೆ, ಒಳಗೆ ಮೆಟ್ಟಿಲು ಹತ್ತಿ ಇಣುಕಿದರೆ ಸಮುದ್ರ ಕಾಣುತ್ತದೆ. ಅಂದಿನಿಂದ ಅಣ್ಣ ಸೋಮನಿಂಗನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಅಪ್ಪ ಗುರಲಿಂಗಪ್ಪ ಲಿಂಬೆಹಣ್ಣಿನ ಅಡತಿ ಅಂಗಡಿಯಲ್ಲಿ ತೂಕ ಮಾಡುವವನು. ಬಿಸಿಲು ಏರಿದಷ್ಟೂ ಲಿಂಬೆಯ ದರ ಏರುವ ಕಾಲ. ಅಂಥದರಲ್ಲಿ ಸಾವಕಾರರು ರಜೆ ಕೊಟ್ಟದ್ದೇ ದೊಡ್ಡ ಮಾತು. "ಇದೊಂದ ಸಲ ಗುರಲಿಂಗಪ್ಪ, ಮತ್ತ ಕೇಳಬ್ಯಾಡ," ಎಂದಿದ್ದರಂತೆ.

"ಯವ್ವಾ, ಒಗ್ಗರಣಿ ಹಾಕಬ್ಯಾಡ," ಎಂದಳು ಕಸ್ತೂರಿ.

"ಯಾಕ? ಒಗ್ಗರಣಿ ಇಲ್ಲಾಂದ್ರ ಸೊಲ್ಲಾಪುರ ಬರೂದ್ರಾಗ ನಿಮ್ಮಣ್ಣ ನನ್ನ ತಿಂತಾನ."

ಇಮಾಮಬಿ ನಕ್ಕಳು. "ಬರೇ ಚುರಮುರಿ ಗುಬ್ಬಿಗೆ ಹಾಕ್ತಾರ ಬೇಟಿ. ನೀ ಗುಬ್ಬಿ ಏನು?"

ಸಾಸಿವೆ ಸಿಡಿಯಿತು. ಒಂದೊಂದು ಕಾಳು ಸಿಡಿದಾಗಲೂ ಕಸ್ತೂರಿ ಲಂಗದ ಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಕಳೆದ ಹುಣ್ಣಿಮೆಗೆ ಇದೇ ಇಮಾಮಬಿಯ ಮೊಮ್ಮಗಳು ಸುಗ್ರಾಳ ಮೈಮೇಲೆ ಇಂಥವೇ ಗುಳ್ಳೆ ಎದ್ದಿದ್ದವು. ಗುಳ್ಳೆ ಏಳಿಸುವ ದೇವಿ, ತಾಯಿ ಬಂದಾಳ ಎಂದರು. ತಾಯಿ ಇಳಿದು ಹೋಗುವ ತನಕ ಆ ಮನೆಯಲ್ಲಿ ಎಣ್ಣೆ ಕಾಯಲಿಲ್ಲ, ಯಾರೂ ಊರ ಗಡಿ ದಾಟಲಿಲ್ಲ. ಹೋಗಬೇಡ ಎಂದರೂ ಕಸ್ತೂರಿ ಹಿತ್ತಲ ಕಿಟಕಿಯಲ್ಲಿ ಕೈ ತೂರಿಸಿ ಸುಗ್ರಾಳ ಜೊತೆ ಕಲ್ಲಾಟ ಆಡಿದ್ದಳು. ಆಗ ಸುಗ್ರಾ ಕಣ್ಣು ದೊಡ್ಡದು ಮಾಡಿ ಹೇಳಿದ್ದಳು: "ತಾಯಿ ಇದ್ದ ಮನ್ಯಾಗ ಒಗ್ಗರಣಿ ಸಿಡಿದ್ರ ಆಕಿಗೆ ಸಿಟ್ಟ ಬರ್ತೈತಿ. ಕಣ್ಣ ತಗೊಂಡ ಹೋಗ್ತಾಳ. ನಿಮ್ಮ ಆಯಿದು ಹೋಗೇತಲ್ಲ, ಹಂಗ."

ಅಜ್ಜಿ ಶೇವಂತೆವ್ವ, ಮಕ್ಕಳ ಬಾಯಲ್ಲಿ ಆಯಿ, ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ಮುಖದ ತುಂಬ ಕಲೆ, ಎಡಗಣ್ಣು ಬೇಯಿಸಿದ ಮೊಟ್ಟೆಯ ಬಿಳಿ. ದಿನಾ ನೋಡುವ ಮುಖ. ಅವತ್ತು ಕಸ್ತೂರಿಗೆ ಆ ಕಡೆ ನೋಡಲಾಗಲಿಲ್ಲ.

ಹೇಳಿಬಿಟ್ಟರೆ ಮುಂಬಯಿ ಇಲ್ಲ. ಹೇಳದಿದ್ದರೆ ಕಣ್ಣಿಲ್ಲ. ಬಾಣಲೆ ಇಳಿದ ಮೇಲೆ ಮತ್ತೊಂದು ಏರಿತು. ಈ ಸಲ ಶೇಂಗಾ, ಮೇಲೆ ಇಂಗು. ಮನೆಯ ಮೂಲೆಮೂಲೆಗೂ ಆ ವಾಸನೆ ಹೋಗಿ ಕೂತಿತು. ತಾಯಿಗೆ ಗೊತ್ತಾಗದಿರಲು ಸಾಧ್ಯವೇ ಇರಲಿಲ್ಲ.

ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಓಡಾಡದಷ್ಟು ಝಳ. ಬಾಗಿಲಿಗೆ ಒದ್ದೆ ಗೋಣಿಚೀಲ ಕಟ್ಟಿ ಎಲ್ಲರೂ ನೆಲಕ್ಕೆ ಒರಗಿದ್ದರು. ಕಸ್ತೂರಿ ಗೋಡೆ ಕಡೆ ತಿರುಗಿ ಲಂಗ ಸಡಿಲಿಸಿ ನೋಡಿಕೊಂಡಳು. ಮೂರು ಆಗಿದ್ದವು. ಎದ್ದು ಕೂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಗೂಟಕ್ಕೆ ತೂಗುಹಾಕಿದ್ದ ಅಣ್ಣನ ಹೊಸ ಅಂಗಿ ಕಂಡಿತು. ಹಗ್ಗ ಬಿಗಿದ ಹಾಸಿಗೆಯ ಸುರುಳಿ ಕಂಡಿತು. ಝಳ ಬಡಿಯಬಾರದೆಂದು ಅಪ್ಪ ಚೀಲಕ್ಕೆ ಹಾಕಿದ ಉಳ್ಳಾಗಡ್ಡಿ ಕಂಡಿತು. ಒಂದೇ ಕಣ್ಣಿನಲ್ಲಿ ಸಮುದ್ರ ಎಷ್ಟು ಕಂಡೀತು ಎಂದು ಅವಳಿಗೆ ಗೊತ್ತಾಗಲಿಲ್ಲ.

"ಏ, ಯಾರಿಗೆ ಕಣ್ಣ ಹೊಡ್ಯಾಕತ್ತಿ?" ಸೋಮನಿಂಗ ಮಲಗಿದಲ್ಲಿಂದಲೇ ಕೇಳಿದ.

"ಯಾರಿಗೂ ಇಲ್ಲ."

"ಬೂಟಿನ ಮನ್ಯಾಗ ಮೊದಲ ನಾ ಹೋಗಾಂವ. ನೀ ಹಿಂದ. ಹಿಮ್ಮಡ ಕಡೆ ನಿಂದ್ರು, ಅಲ್ಲಿ ವಾಸನಿ ಬರ್ತೈತಂತ."

ಬೇರೆ ದಿನವಾಗಿದ್ದರೆ ಅವನ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಅವಳು ಸುಮ್ಮನೆ ಮಲಗಿದಳು.

ಬಿಸಿಲು ಇಳಿಯುವ ಹೊತ್ತಿಗೆ ಆಯಿ ಕರೆದಳು. "ಕಸ್ತೂರಿ, ದಾರ ಪೋಣಿಸ ಬಾ. ಬೀರಣ್ಣನ ಕೌದಿ ಮುಗಿವಲ್ದು." ಸೂಜಿಗೆ ದಾರ ಪೋಣಿಸುವುದು ಎಂದಿನಿಂದಲೂ ಅವಳದೇ ಕೆಲಸ. ಅವತ್ತು ದಾರದ ತುದಿ ಸೂಜಿಯ ಕಣ್ಣಿಗೆ ಹೋಗಲೊಲ್ಲದು. ನಾಲ್ಕು ಸಲ ಬಾಯಲ್ಲಿ ಹಾಕಿ ಒದ್ದೆ ಮಾಡಿದಳು. ಆಯಿ ಸೂಜಿ ಇಸಿದುಕೊಳ್ಳಲು ಕೈ ಚಾಚಿದವಳು ಬೆರಳಿನ ಬಿಸಿ ತಗುಲಿದ ಕೂಡಲೇ ತಡೆದಳು. ಕೈ ಹಿಡಿದಳು. ಕುತ್ತಿಗೆ ಮುಟ್ಟಿದಳು. ಏನೂ ಕೇಳದೆ ಲಂಗದ ಅಂಚನ್ನು ಚೂರು ಸರಿಸಿ, ಕಾಣುವ ಕಣ್ಣನ್ನು ಹತ್ತಿರ ತಂದು ನೋಡಿದಳು.

"ಯಾವಾಗಿಂದ?"

"ಮುಂಜಾನಿಂದ." ಕಸ್ತೂರಿ ಬಿಕ್ಕಿದಳು. "ಆಯಿ, ಹೇಳಬ್ಯಾಡ. ಅಣ್ಣ ನನ್ನ ಕೊಲ್ತಾನ." ಆಮೇಲೆ, ಇನ್ನೂ ಸಣ್ಣ ದನಿಯಲ್ಲಿ, "ಯವ್ವ ಎರಡ ಸಲ ಒಗ್ಗರಣಿ ಹಾಕಿದ್ಲು. ನಾ ಬ್ಯಾಡಂದೆ. ತಾಯಿ ನನ್ನ ಕಣ್ಣ ತಗೊತಾಳ?"

ಶೇವಂತೆವ್ವ ಕೌದಿಯನ್ನು ತೊಡೆಯಿಂದ ಬದಿಗಿಟ್ಟಳು.

"ನನಗ ತಾಯಿ ಬಂದಾಗ ನಮ್ಮ ಮನ್ಯಾಗ ಎಣ್ಣಿ ಕಾಯಲಿಲ್ಲವ್ವ. ನಮ್ಮವ್ವ ತಲಿಗೆ ಸುದ್ದಾ ಹಚ್ಚಿಕೊಳ್ಳಲಿಲ್ಲ. ಎಲ್ಲಾ ಬರೋಬರಿ ಮಾಡಿದ್ರು. ಆದ್ರೂ ಹೋತು."

"ಮತ್ತ ಯಾಕ ಹೋತು?"

"ಏನ ಗೊತ್ತು. ಒಗ್ಗರಣಿಂದ ಹೋಗಲಿಲ್ಲ. ಅಷ್ಟ ಗೊತ್ತೈತಿ." ಅವಳು ಹುಡುಗಿಯ ತೋಳಿನ ಮೇಲೆ, ಸಣ್ಣವಳಿದ್ದಾಗ ಚುಚ್ಚಿಸಿದ ಗುರುತಿನ ಮೇಲೆ ಬೆರಳಿಟ್ಟಳು. "ನನಗ ಬಂದಾಕಿ ದೊಡ್ಡಾಕಿ, ಸಿಡಬಿನಾಕಿ. ಆಕಿ ಬರಬಾರ್ದಂತ ನಿನಗ ಚುಚ್ಚಿಸೇವಿ. ಇಕಿ ಸಣ್ಣಾಕಿ, ಬರೇ ನೀರಗುಳ್ಳಿ. ನಿಮ್ಮಣ್ಣನ ಮೈಮ್ಯಾಲೂ ಆಡಿ ಹೋಗ್ಯಾಳ, ಅವಗ ಎರಡ ವರ್ಷ ಇದ್ದಾಗ. ಸುಗ್ರಾನ ಕಣ್ಣಿಗೆ ಏನಾಗೇತಿ? ನಿನ್ನೆ ನಿನ್ನ ಜಡಿ ಹಿಡದ ಎಳದ್ಲಲ್ಲ, ಕಣ್ಣ ಕಾಣದ ಎಳದ್ಲೇನು?"

ಕಸ್ತೂರಿಯ ಬಿಕ್ಕು ಒಂದು ಕ್ಷಣ ನಿಂತಿತು. "ಹಂಗಾರ ನಾಳೆ ಹೋಗೂಣಲ್ಲ. ನಾ ಯಾರಿಗೂ ತೋರಿಸೂದಿಲ್ಲ."

"ರೈಲಿನ್ಯಾಗ ಯಾರ ಉಡ್ಯಾಗರ ಹಸಗೂಸ ಇರ್ತೈತಿ. ಅದಕ್ಕ ಹತ್ತಿದ್ರ?"

ಆಯಿ ಗೋಡೆ ಹಿಡಿದು ಎದ್ದಳು. "ನಾ ಹೇಳ್ತೇನಿ. ನೀ ನನ್ನ ಬೆನ್ನಿಗೆ ನಿಂದ್ರು."

ಆಯಿಯ ಸೀರೆಯ ಸೆರಗಿನ ಹಿಂದಿನಿಂದ ಅವಳಿಗೆ ಮಾತುಗಳು ಕೇಳಿದವು, ಮುಖಗಳು ಕಾಣಲಿಲ್ಲ. ಅವ್ವ "ಅಯ್ಯ ನನ್ನ ಕೂಸ" ಎಂದಳು. ಒಲೆಗೆ ನೀರು ಚಿಮುಕಿಸಿದ ಸದ್ದು ಬಂತು. ಅಪ್ಪ ಹಾಸಿಗೆಯ ಸುರುಳಿಯ ಹತ್ತಿರ ಕೂತು, ಬೆಳಿಗ್ಗೆ ಹಲ್ಲು ಕಚ್ಚಿ ಬಿಗಿದಿದ್ದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದ. "ಬೂಟಿನ ಮನಿ ಎಲ್ಲಿಗೂ ನಡಕೋತ ಹೋಗೂದಿಲ್ಲ ಬಿಡು," ಎಂದ.

"ಆ ಕಿಟಕಿಗೆ ಹೋಗಬ್ಯಾಡಂತ ಬಡಕೊಂಡೆ! ಎಲ್ಲಾ ನಿನ್ನಿಂದ!" ಸೋಮನಿಂಗ ಗೂಟದ ಅಂಗಿಯನ್ನು ಎಳೆದು ನೆಲಕ್ಕೆ ಒಗೆದು, ಬರಿಗಾಲಲ್ಲಿ ಆ ಕಾದ ಬೀದಿಗೆ ಓಡಿಹೋದ.

ಮಾತು ಆಚೆಮನೆಗೂ ಹೋಗಿತ್ತು. ಇಮಾಮಬಿ ಬಂದು ಚುರಮುರಿಯ ಡಬ್ಬಿಯನ್ನು ಎತ್ತಿಕೊಂಡಳು. ತಾಯಿ ಇಳಿಯುವ ತನಕ ಒಗ್ಗರಣೆಯ ತಿಂಡಿ ಈ ಮನೆಯಲ್ಲಿ ಇರಬಾರದು. "ಇದು ಮುಂಬಯಿ ಬದಲಿ ಸುಗ್ರಾನ ಹೊಟ್ಟಿಗೆ ಹೋಗ್ತೈತಿ," ಎಂದಳು ಬಾಗಿಲಲ್ಲಿ ನಿಂತು. ಸ್ವಲ್ಪ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಆಚೆಮನೆಯ ಕಡೆಯಿಂದ ಬೇವಿನ ಟೊಂಗೆಗಳು ಬಂದು ಕೂತವು. ನೀರು ಹೊಡೆದು ತಂಪು ಮಾಡಿದ್ದವು. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ.

ಕಾಕಾನಿಗೆಂದು ಹೊಲಿದ ಕೌದಿಯನ್ನೇ ಒಳಕೋಣೆಯಲ್ಲಿ ಹಾಸಿ, ಮೇಲೆ ಬೇವಿನೆಲೆ ಹರಡಿ ಅವಳನ್ನು ಮಲಗಿಸಿದರು. ಮೈ ಉರಿಯುತ್ತಿತ್ತು. ಆಯಿ ಹೇಳಿದ್ದನ್ನು ಅವಳು ನಂಬಿದ್ದಳು, ಆದರೂ ನಡುನಡುವೆ ಒಂದೊಂದೇ ಕಣ್ಣು ಮುಚ್ಚಿ ತೊಲೆಯನ್ನು ನೋಡಿಕೊಳ್ಳುತ್ತಿದ್ದಳು. ಎರಡರಲ್ಲೂ ಕಾಣುತ್ತಿತ್ತು. ಈಗ ಅವಳಿಗೆ ಹೆದರಿಕೆ ತಾಯಿಯದಲ್ಲ, ಹೊರಗಿನ ಹೆಜ್ಜೆಯ ಸದ್ದಿನದು. ಅಣ್ಣ ಇನ್ನೆಂದೂ ಮಾತಾಡಿಸದಿದ್ದರೆ?

ದೀಪ ಹಚ್ಚುವ ಹೊತ್ತಿಗೆ ಹೆಜ್ಜೆ ಬಂತು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಗಂಗಾಳ ನೆಲಕ್ಕೆ ತಾಗಿದ ಸದ್ದು. ಒಂದಲ್ಲ, ಎರಡು. ರೆಪ್ಪೆ ಸಂದಿಯಿಂದ ನೋಡಿದಳು. ಸೋಮನಿಂಗ ಹೊಸ್ತಿಲ ಮೇಲೆ ಕೂತಿದ್ದ. ಕಾಲು ತೊಳೆದುಕೊಂಡಿದ್ದ, ಪಾದಗಳು ಕೆಂಪಗೆ ಸುಟ್ಟಿದ್ದವು. ಎರಡೂ ಗಂಗಾಳದಲ್ಲಿ ಬರೀ ಮೊಸರನ್ನ, ಹಸಿಮೆಣಸಿನಕಾಯಿ ಕಡಿಯದೆ ತುತ್ತು ಎತ್ತದವನ ಗಂಗಾಳದಲ್ಲೂ ಅಷ್ಟೇ.

"ಮಧ್ಯಾಹ್ನ ಒಂದ ಕಣ್ಣ ಮುಚ್ಚಿ ನೋಡಾಕತ್ತಿದ್ದೆಲ್ಲ," ಎಂದ ಅವನು, ಗೋಡೆಗೆ ಹೇಳಿದಂತೆ. "ಏನ ಕಾಣ್ತಿತ್ತು?"

"ನಿನ್ನ ಅಂಗಿ."

ಅವನು ಮೂಗು ಒರೆಸಿಕೊಂಡ. ಎರಡು ಗಂಗಾಳಗಳನ್ನೂ ಒಮ್ಮೆ ನೋಡಿದ. ಕೆನೆ ಹೆಚ್ಚು ಬಿದ್ದಿದ್ದ ಗಂಗಾಳವನ್ನು ಎತ್ತಿಕೊಂಡು ಎದ್ದು ಬಂದು, ಬೇವಿನೆಲೆಗಳನ್ನು ಮೊಣಕಾಲಿನಿಂದ ಮೆಲ್ಲಗೆ ಸರಿಸಿ ಕೂತು, ಅವಳ ಎರಡೂ ಕೈಗೆ ಅದನ್ನು ಕೊಟ್ಟ.